ಆಳಕಡಲಿನ ಜೀವಿಗಳು ನಮಗೇಕೆ ವಿಕಾರವಾಗಿ ಕಾಣುತ್ತವೆ?



ಒಂದು ಮೀನಿನ ಚಿತ್ರ ಬರೆಯಿರಿ ಎಂದರೆ ನಿಮ್ಮಲ್ಲಿ ಹೆಚ್ಚಿನವರು ಬರೆಯುವ ಚಿತ್ರ ಯಾವುದೆಂದು ನಾನು ಈಗಲೇ ಹೇಳಬಲ್ಲೆ. ನಡುವೆ ಉಬ್ಬಿ ಎರಡು ತುದಿಗಳಲ್ಲಿ ಸಪೂರವಾದ ಕದಿರಿನಂಥ ಮೈ, ತಲೆಯ ಎರಡು ಬದಿಗೆ ಒಂದೊಂದು ಕಣ್ಣು, ಹೊಳೆಯುವ ಹುರುಪೆ, ಹಿಂದೆ ಕವಲೊಡೆದ ಬಾಲ. ಅದು ನಮ್ಮ ಕರಾವಳಿಯ ಬಂಗುಡೆ ಇರಬಹುದು, ಊರ ಕೆರೆಯ ಗೆಂಡೆ ಇರಬಹುದು. ತಪ್ಪೇನೂ ಇಲ್ಲ. ನಾವು ಕಂಡ ಮೀನುಗಳೇ ಅವು.

ಈಗ ಆಳಕಡಲಿನ ಮೀನುಗಳ ಚಿತ್ರಗಳನ್ನು ಅದರ ಪಕ್ಕದಲ್ಲಿ ಇಡೋಣ. ಒಂದರ ಹಣೆಯ ಮೇಲೆ ಗಾಳದ ಕೋಲು, ಕೋಲಿನ ತುದಿಯಲ್ಲಿ ದೀಪ. ಇನ್ನೊಂದರ ಹಲ್ಲುಗಳು ಬಾಯಿಯೊಳಗೆ ಹಿಡಿಸಲಾರದಷ್ಟು ಉದ್ದ. ಮತ್ತೊಂದಕ್ಕೆ ಮೈಯೆಂದರೆ ದೊಡ್ಡ ಬಾಯಿ, ಅದರ ಹಿಂದೆ ಹಗ್ಗದಂಥ ಬಾಲ, ಅಷ್ಟೇ. ಯಕ್ಷಗಾನದಲ್ಲಿ ಬಣ್ಣದ ವೇಷ ತೆರೆ ಸರಿಸಿ ಮುಖ ತೋರಿಸಿದಾಗ ಮಕ್ಕಳು ಬೆಚ್ಚುವಂತೆ ನಾವು ಬೆಚ್ಚುತ್ತೇವೆ. ಇವು ಇಷ್ಟು ವಿಕಾರವಾಗಿರುವುದು ಏಕೆ ಎಂದು ಕೇಳುತ್ತೇವೆ.

ಈ ಪ್ರಶ್ನೆಗೆ ಉತ್ತರ ಅರ್ಧ ಆ ಜೀವಿಗಳಲ್ಲಿದೆ, ಇನ್ನರ್ಧ ನಮ್ಮಲ್ಲಿದೆ. ನಮ್ಮಲ್ಲಿರುವ ಅರ್ಧವನ್ನೇ ಮೊದಲು ನೋಡೋಣ. ಏಕೆಂದರೆ ಅದನ್ನು ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ.

2003ರಲ್ಲಿ ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡಿನ ವಿಜ್ಞಾನಿಗಳು ಎರಡು ದೇಶಗಳ ನಡುವಿನ ಟಾಸ್ಮನ್ ಸಮುದ್ರದಲ್ಲಿ ಜೊತೆಯಾಗಿ ಒಂದು ಸಮೀಕ್ಷೆ ನಡೆಸಿದರು. ಒಂದು ಕಿಲೋಮೀಟರಿಗಿಂತಲೂ ಆಳದಿಂದ ಬಂದ ಬಲೆಯಲ್ಲಿ ನಸುಗೆಂಪು ಬಣ್ಣದ ಒಂದು ಮೀನಿತ್ತು. ಜೋತುಬಿದ್ದ ಮೂಗು, ಕೆಳಕ್ಕೆ ಇಳಿದ ಬಾಯಿ, ಕರಗುತ್ತಿರುವ ಮೇಣದಂಥ ಮೈ. ಹಡಗಿನವರು ಅದಕ್ಕೆ ತಮಾಷೆಗೆ 'ಮಿಸ್ಟರ್ ಬ್ಲಾಬಿ' ಎಂದು ಹೆಸರಿಟ್ಟು ಫೋಟೋ ತೆಗೆದರು. ಬ್ಲಾಬ್‌ಫಿಶ್ ಎಂಬ ಜಾತಿಯ ಆ ಮೀನಿನ ಫೋಟೋ ಜಗತ್ತೆಲ್ಲ ಸುತ್ತಿತು. 2013ರಲ್ಲಿ, ಕುರೂಪಿ ಪ್ರಾಣಿಗಳ ಸಂರಕ್ಷಣೆಗೆಂದೇ ಬ್ರಿಟನ್ನಿನಲ್ಲಿ ಹುಟ್ಟಿದ ಒಂದು ಸಂಘ ಜನರಿಂದ ಮತ ಕೇಳಿದಾಗ, 'ಜಗತ್ತಿನ ಅತ್ಯಂತ ಕುರೂಪಿ ಪ್ರಾಣಿ' ಎಂಬ ಬಿರುದೂ ಈ ಮೀನಿಗೇ ಸಿಕ್ಕಿತು.

ಆದರೆ ಆ ಫೋಟೋದಲ್ಲಿ ಇದ್ದದ್ದು ಸತ್ತ ಮೀನು. ಬರಿಯ ಸತ್ತ ಮೀನೂ ಅಲ್ಲ, ಮೈ ಕೆಟ್ಟ ಮೀನು.

ಹೇಗೆ ಎಂದು ಕೇಳುತ್ತೀರಾ? ಬ್ಲಾಬ್‌ಫಿಶ್ ಬದುಕುವುದು ಸುಮಾರು 600ರಿಂದ 1,200 ಮೀಟರ್ ಆಳದಲ್ಲಿ. ಪ್ರತಿ ಹತ್ತು ಮೀಟರ್ ಇಳಿದಂತೆ ನೀರಿನ ಒತ್ತಡ ಒಂದು ವಾಯುಭಾರದಷ್ಟು ಹೆಚ್ಚುತ್ತದೆ. ಸಾವಿರ ಮೀಟರ್ ಆಳದಲ್ಲಿ ನಿಮ್ಮ ಹೆಬ್ಬೆರಳ ಉಗುರಿನಷ್ಟು ಜಾಗದ ಮೇಲೆ ಒಂದು ಕ್ವಿಂಟಾಲ್ ಅಕ್ಕಿಮೂಟೆ ಇಟ್ಟಷ್ಟು ಭಾರ. ಅಂಥಲ್ಲಿ ಗಾಳಿಚೀಲ ಇಟ್ಟುಕೊಂಡು ತೇಲುವುದು ದುಬಾರಿ ಕೆಲಸ. ಬ್ಲಾಬ್‌ಫಿಶ್ ಗಾಳಿಚೀಲವನ್ನೇ ಬಿಟ್ಟುಬಿಟ್ಟಿದೆ. ಅದರ ಬದಲು ಮೈಯನ್ನೇ ನೀರಿಗಿಂತ ತುಸು ಹಗುರವಾದ ಲೋಳೆಯಂತೆ ಮಾಡಿಕೊಂಡಿದೆ. ಮೂಳೆ ಮೆತ್ತಗೆ, ಸ್ನಾಯು ಕಡಿಮೆ. ಮೈಗೆ ಆಕಾರ ಕೊಡುವುದು ಸುತ್ತಲಿನ ನೀರು. ತಳಕ್ಕೆ ಹತ್ತಿರದಲ್ಲೇ ಹೆಚ್ಚು ಶ್ರಮವಿಲ್ಲದೆ ಇದ್ದು, ಎದುರಿಗೆ ಬಂದ ಆಹಾರವನ್ನು ನುಂಗುತ್ತದೆ. ಅಲ್ಲಿ ಅದು ದೊಡ್ಡ ತಲೆಯ, ಸಣಕಲು ಬಾಲದ, ಗೊದಮೊಟ್ಟೆಯನ್ನು ನೆನಪಿಸುವ ಸಾಧಾರಣ ಮೀನು.

ಅದನ್ನು ಬಲೆಯಲ್ಲಿ ನೂರಾರು ಮೀನುಗಳ ಜೊತೆ ತಿಕ್ಕಿ, ಒಂದು ಕಿಲೋಮೀಟರ್ ಮೇಲಕ್ಕೆಳೆದು ಹಡಗಿನ ಅಟ್ಟದ ಮೇಲೆ ಸುರಿದರೆ? ನೀರಿನ ಆಸರೆ ತಪ್ಪಿತು, ಚರ್ಮ ಸಡಿಲವಾಯಿತು, ಲೋಳೆಯ ಮೈ ಕುಸಿಯಿತು. ಆ 'ಮೂಗು' ಮೂಗಲ್ಲ, ಕುಸಿದ ಮಾಂಸ. ಗಾಳಿಚೀಲ ಇರುವ ಮೀನುಗಳ ಪಾಡು ಇನ್ನೂ ಘೋರ. ಒತ್ತಡ ಇಳಿದಂತೆ ಚೀಲದ ಗಾಳಿ ಹಿಗ್ಗಿ, ಹೊಟ್ಟೆ ಬಾಯಿಯಿಂದ ಹೊರಬರುತ್ತದೆ, ಕಣ್ಣುಗುಡ್ಡೆ ಉಬ್ಬುತ್ತದೆ. ಮನುಷ್ಯನನ್ನು ಗಾಳಿಯಿಲ್ಲದ ಆಕಾಶಕ್ಕೆ ಎಸೆದು, ಸತ್ತ ಮೇಲೆ ಫೋಟೋ ತೆಗೆದು, ಈ ಪ್ರಾಣಿ ಎಷ್ಟು ಅಸಹ್ಯ ನೋಡಿ ಎಂದ ಹಾಗಾಯಿತು.

ಬಲೆಯಿಂದ ಆಗುವ ಮೋಸ ಇನ್ನೊಂದು ಬಗೆಯದೂ ಇದೆ. ಶಾಂತಸಾಗರದಲ್ಲಿ ಮ್ಯಾಕ್ರೊಪಿನ್ನ ಎಂಬ, ಸುಮಾರು 15 ಸೆಂಟಿಮೀಟರ್ ಉದ್ದದ ಒಂದು ಮೀನಿದೆ. ಪೀಪಾಯಿಯಂತೆ ಉರುಟಾದ ಹಸಿರು ಕಣ್ಣುಗಳು ನೇರ ಮೇಲಕ್ಕೆ ನೋಡುತ್ತವೆ. 1939ರಲ್ಲಿ ಇದನ್ನು ವಿವರಿಸಿದಾಗಿನಿಂದ ಒಂದು ಒಗಟು ಹಾಗೇ ಉಳಿದಿತ್ತು. ಕಣ್ಣು ಸದಾ ಮೇಲಕ್ಕೇ ನೆಟ್ಟಿದ್ದರೆ ಬಾಯಿಯ ಮುಂದಿನ ತುತ್ತು ಕಾಣುವುದು ಹೇಗೆ? ಕ್ಯಾಲಿಫೋರ್ನಿಯದ ಮಾಂಟೆರೆಯಲ್ಲಿರುವ ಸಾಗರ ಸಂಶೋಧನ ಸಂಸ್ಥೆಯ ಬ್ರೂಸ್ ರಾಬಿಸನ್ ಮತ್ತು ಕಿಮ್ ರೈಸೆನ್‌ಬಿಕ್ಲರ್ ದೂರನಿಯಂತ್ರಿತ ಜಲಯಂತ್ರದ ಕ್ಯಾಮೆರಾದಿಂದ, ಅದು ಬದುಕುವ ಜಾಗದಲ್ಲೇ ಅದನ್ನು ನೋಡಿದರು. ತಲೆಯ ಮೇಲೆ ದ್ರವ ತುಂಬಿದ ಪಾರದರ್ಶಕ ಗುಮ್ಮಟವಿತ್ತು. ಕಣ್ಣುಗಳು ಅದರೊಳಗೆ ಇದ್ದವು. ಬಲೆಗೆ ಸಿಕ್ಕ ಮೀನುಗಳಲ್ಲಿ ಆ ಗುಮ್ಮಟ ಹರಿದುಹೋಗುತ್ತಿದ್ದುದರಿಂದ ಹಳೆಯ ಚಿತ್ರಗಳಲ್ಲಿ ಅದು ಇರಲೇ ಇಲ್ಲ. ಜೀವಂತ ಮೀನು ಕಣ್ಣುಗಳನ್ನು ತಿರುಗಿಸಿ ಮುಂದಕ್ಕೂ ನೋಡುತ್ತದೆ ಎಂಬುದು 2008ರಲ್ಲಿ ಪ್ರಕಟವಾಯಿತು. ಬಾಯಿಯ ಮೇಲೆ ಕಣ್ಣುಗಳಂತೆ ಕಾಣುವ, ಅಳುಮೋರೆಯಂತೆ ತೋರುವ ಎರಡು ಗುರುತುಗಳು ವಾಸ್ತವವಾಗಿ ಮೂಗಿನ ಹೊಳ್ಳೆಗಳು. ನಮಗೆ ಎಲ್ಲೆಲ್ಲೂ ಮನುಷ್ಯನ ಮುಖವನ್ನು ಹುಡುಕುವ ಚಾಳಿ. ಮುಖ ಸಿಕ್ಕಿದ ಮೇಲೆ ಅದು ಚೆಂದವೋ ಅಲ್ಲವೋ ಎಂದು ತೀರ್ಪು ಕೊಡುತ್ತೇವೆ.

ಗಾತ್ರದ ಮಾತನ್ನೂ ಇಲ್ಲಿ ಹೇಳಬೇಕು. ಪುಸ್ತಕದ ಇಡೀ ಪುಟ ತುಂಬಿ ಹೆದರಿಸುವ 'ಕೋರೆಹಲ್ಲಿನ ಮೀನು' ನಿಜವಾಗಿ ಸುಮಾರು 16 ಸೆಂಟಿಮೀಟರ್. ನಿಮ್ಮ ಅಂಗೈ ಮೇಲೆ ಮಲಗುತ್ತದೆ. 2025ರ ಜನವರಿಯಲ್ಲಿ ಸ್ಪೇನಿಗೆ ಸೇರಿದ ಟೆನೆರೀಫ್ ದ್ವೀಪದ ಬಳಿ ಕಪ್ಪು ಗಾಳದ ಮೀನೊಂದು ಹಗಲಿನಲ್ಲೇ ನೀರಿನ ಮೇಲ್ಮೈಗೆ ಬಂದಿತ್ತು. ಅದರ ಚಲನಚಿತ್ರ ನೋಡಿದ ಜನ ಅದನ್ನು ತಿಮಿಂಗಿಲದಷ್ಟು ದೊಡ್ಡದೆಂದೇ ಭಾವಿಸಿದರೆ ಆಶ್ಚರ್ಯವಿಲ್ಲ. ಆ ಜಾತಿಯ ಹೆಣ್ಣು ಪೂರ್ತಿ ಬೆಳೆದರೂ ಒಂದು ಗೇಣು ತುಂಬುವುದಿಲ್ಲ. ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು ಫೋಟೋ ತೆಗೆದಿದ್ದರೆ ಅರ್ಧ ಭಯ ಇಳಿದುಹೋಗುತ್ತಿತ್ತು.

ಇಷ್ಟು ನಮ್ಮ ಪಾಲಿನ ಲೆಕ್ಕ. ಇದನ್ನೆಲ್ಲ ಕಳೆದ ಮೇಲೂ ಆಳದ ಜೀವಿಗಳು ಬೇರೆಯಾಗಿಯೇ ಇವೆ, ಸಂದೇಹವಿಲ್ಲ. ಅದಕ್ಕೆ ಕಾರಣ ಕೇಳಿದರೆ ಎಲ್ಲರೂ ಮೊದಲು ಹೇಳುವುದು ಒತ್ತಡ. ನನ್ನ ಮಟ್ಟಿಗೆ ಒತ್ತಡಕ್ಕೆ ಸಲ್ಲಬೇಕಾದುದಕ್ಕಿಂತ ಹೆಚ್ಚಿನ ಕೀರ್ತಿ ಸಂದಿದೆ. ಮೈಯೊಳಗೆ ಗಾಳಿಯ ಜಾಗವಿಲ್ಲದಿದ್ದರೆ ಒಳಗೂ ನೀರು, ಹೊರಗೂ ನೀರು. ಒತ್ತಡ ಎರಡೂ ಕಡೆ ಸಮ. ಅದು ಪ್ರಾಣಿಯನ್ನು ಹಿಚುಕಿ ವಿಕಾರ ಮಾಡುವುದಿಲ್ಲ. ಅದು ಕಾಡುವುದು ಜೀವಕೋಶದೊಳಗಿನ ಪ್ರೋಟೀನುಗಳ ಮಟ್ಟದಲ್ಲಿ. ಅದಕ್ಕೆ ತಕ್ಕ ರಾಸಾಯನಿಕ ರಕ್ಷಣೆಯನ್ನು ಆಳದ ಮೀನುಗಳು ತಮ್ಮ ಕೋಶಗಳಲ್ಲೇ ಇಟ್ಟುಕೊಂಡಿವೆ. ಹೊರಗಿನ ರೂಪವನ್ನು ತಿದ್ದಿದ್ದು ಹೆಚ್ಚಾಗಿ ಕತ್ತಲೆ, ಹಸಿವು ಮತ್ತು ಒಂಟಿತನ.

ಕತ್ತಲೆಯಿಂದ ಪ್ರಾರಂಭಿಸೋಣ. ಸೂರ್ಯನ ಬೆಳಕಿನಲ್ಲಿರುವ ಬಣ್ಣಗಳಲ್ಲಿ ಕೆಂಪನ್ನು ನೀರು ಮೊದಲು ಹೀರುತ್ತದೆ. ಹೆಚ್ಚು ಆಳಕ್ಕೆ ಇಳಿಯುವುದು ನೀಲಿ. 200 ಮೀಟರಿನ ಕೆಳಗೆ ಸಸ್ಯಗಳು ಆಹಾರ ತಯಾರಿಸಲು ಸಾಲುವಷ್ಟು ಬೆಳಕಿಲ್ಲ. ಸಾವಿರ ಮೀಟರಿನ ಕೆಳಗೆ ಸೂರ್ಯ ಇದ್ದಾನೋ ಇಲ್ಲವೋ ಎರಡೂ ಒಂದೇ. ಅಮೆರಿಕದ ವಿಲಿಯಂ ಬೀಬಿ ಮತ್ತು ಓಟಿಸ್ ಬಾರ್ಟನ್ 1934ರ ಆಗಸ್ಟ್‌ನಲ್ಲಿ ಬರ್ಮುಡಾ ದ್ವೀಪದ ಬಳಿ ಉಕ್ಕಿನ ಗೋಳವೊಂದರಲ್ಲಿ ಕುಳಿತು 923 ಮೀಟರ್ ಇಳಿದಿದ್ದರು. ಕಿಟಕಿಯ ಹೊರಗೆ ಅವರು ಕಂಡದ್ದು ಕತ್ತಲೆ ಮತ್ತು ಆ ಕತ್ತಲೆಯಲ್ಲಿ ಮಿಣುಕುವ ಜೀವಿಗಳ ಬೆಳಕು.

ನೀಲಿ ಮಾತ್ರ ಉಳಿದ ಲೋಕದಲ್ಲಿ ಕೆಂಪು ಬಣ್ಣವೆಂದರೆ ಕಪ್ಪು. ಪ್ರತಿಫಲಿಸಲು ಅಲ್ಲಿ ಕೆಂಪು ಬೆಳಕೇ ಇಲ್ಲವಲ್ಲ! ಆಳದ ಸೀಗಡಿಗಳು ಕುಂಕುಮದಂತೆ ಕೆಂಪಗಿರುವುದು ಮೆರೆಯಲಿಕ್ಕಲ್ಲ, ಕಾಣದಿರಲಿಕ್ಕೆ. ನಮ್ಮ ದೀಪ ಬಿದ್ದಾಗ ಮಾತ್ರ ಅವು ಕೆಂಪು. ಕೆಲವು ಮೀನುಗಳು ಇನ್ನೂ ಮುಂದೆ ಹೋಗಿವೆ. ಅವುಗಳ ಚರ್ಮ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಅರ್ಧ ಪಾಲನ್ನೂ ಹಿಂದಕ್ಕೆ ಬಿಡುವುದಿಲ್ಲ. ಎಷ್ಟು ದೀಪ ಹಿಡಿದರೂ ಫೋಟೋದಲ್ಲಿ ಬರಿಯ ನೆರಳಿನಂತೆ ಬರುತ್ತಿದ್ದ ಇಂಥ ಮೀನುಗಳಿಂದ ಕುತೂಹಲಗೊಂಡು ಅಮೆರಿಕದ ಕ್ಯಾರೆನ್ ಆಸ್ಬೋರ್ನ್ ಮತ್ತು ಸಂಗಡಿಗರು ಪರೀಕ್ಷೆ ನಡೆಸಿ, 16 ಜಾತಿಗಳಲ್ಲಿ ಈ ಗುಣವನ್ನು ಕಂಡು, 2020ರಲ್ಲಿ ಪ್ರಕಟಿಸಿದರು. ಬೆಳಕನ್ನು ಹೊಮ್ಮಿಸಿ ಬೇಟೆಯಾಡುವ ಪ್ರಾಣಿಗಳ ನಡುವೆ ಇರುವವರಿಗೆ ಇಂಥ ಕರಿಯಂಗಿ ಬೇಕೇ ಬೇಕು.

ಅರೆಬೆಳಕಿನ ಪದರದಲ್ಲಿ ಇರುವವರದು ಬೇರೆ ಉಪಾಯ. ಕೆಳಗಿನಿಂದ ನೋಡುವ ಬೇಟೆಗಾರನಿಗೆ, ಮೇಲೆ ಈಜುವ ಮೀನು ಮಂಕು ಆಕಾಶದೆದುರು ಕರಿ ನೆರಳಾಗಿ ಕಾಣುತ್ತದೆ. ಕೊಡಲಿಯ ಆಕಾರದ 'ಹ್ಯಾಚೆಟ್' ಮೀನು ತನ್ನ ಹೊಟ್ಟೆಯ ಕೆಳಗೆ ಸಾಲುದೀಪ ಹಚ್ಚಿಕೊಂಡು, ಮೇಲಿನಿಂದ ಬರುವ ಬೆಳಕಿಗೆ ಸಮನಾಗಿ ಉರಿಸಿ ಆ ನೆರಳನ್ನೇ ಅಳಿಸಿಬಿಡುತ್ತದೆ. ಮೈಯನ್ನು ಹಲಗೆಯಂತೆ ಚಪ್ಪಟೆ ಮಾಡಿಕೊಂಡದ್ದೂ ನೆರಳು ಕಡಿಮೆಯಾಗಲೆಂದು. ನಮ್ಮ ಕಣ್ಣಿಗೆ ವಿಚಿತ್ರ. ಅದರ ಪಾಲಿಗೆ ಅಡಗಿಕೊಳ್ಳಲು ಗಿಡಮರಗಳಿಲ್ಲದ ಊರಿನಲ್ಲಿ ಇದೊಂದೇ ಪೊದೆ.

ಇನ್ನು ಹಸಿವು. ಆಳಕಡಲಿನಲ್ಲಿ ಬೆಳೆ ಇಲ್ಲ. ಮೇಲಿನ ಪದರದ ಜೀವಿಗಳು ಸತ್ತು, ಅವುಗಳ ಚೂರು, ಮಲ, ಲೋಳೆ ಎಲ್ಲ ಸೇರಿ ಜಡಿಮಳೆಯ ಹಾಗೆ ಸಣ್ಣಗೆ ಕೆಳಕ್ಕೆ ಉದುರುತ್ತವೆ. ದಾರಿಯಲ್ಲಿ ತಿನ್ನುವವರು ತಿಂದು, ಕೊಳೆಯುವುದು ಕೊಳೆತು, ಸಾವಿರ ಮೀಟರಿನ ಕೆಳಗೆ ತಲುಪುವುದು ನೂರರಲ್ಲಿ ಕೆಲವೇ ಪಾಲು. ಮುಂದಿನ ಊಟ ಯಾವಾಗ ಎಂಬುದು ಗೊತ್ತಿಲ್ಲದವನು ಎದುರಿಗೆ ಬಂದದ್ದನ್ನು ಬಿಡುವಂತಿಲ್ಲ. ಅದಕ್ಕೇ ದೊಡ್ಡ ಬಾಯಿ, ಹಿಗ್ಗುವ ಹೊಟ್ಟೆ, ಸಿಕ್ಕಿದ್ದು ಜಾರದಂತೆ ಒಳಮುಖವಾಗಿ ಬಾಗಿದ ಹಲ್ಲು. 'ಕಪ್ಪು ನುಂಗುಬಾಕ' ಎನ್ನಬಹುದಾದ ಒಂದು ಮೀನು ತನಗಿಂತ ಉದ್ದನೆಯ ಮೀನನ್ನು ಮಡಚಿ ನುಂಗುತ್ತದೆ. ಹೊಟ್ಟೆಯ ಚರ್ಮ ಬಲೂನಿನಂತೆ ಹಿಗ್ಗಿ, ಒಳಗಿನ ಊಟ ಹೊರಗಿನವರಿಗೆ ಕಾಣುತ್ತದೆ. ಉಳಿತಾಯವೂ ಅಷ್ಟೇ ಮುಖ್ಯ. ಬೆನ್ನಟ್ಟಿ ಓಡುವ ಸ್ನಾಯುಗಳನ್ನು ಸಾಕುವುದು ದುಬಾರಿ. ಕಾದು ಕೂರುವುದು ಅಗ್ಗ. ಹೀಗಾಗಿ ಅನೇಕ ಮೀನುಗಳ ಮೈ ಮೆತ್ತಗೆ, ಬಾಯಿ ಮಾತ್ರ ಗಟ್ಟಿ.

ಒಂಟಿತನದ ಕಥೆಯೇ ಎಲ್ಲಕ್ಕಿಂತ ಸೊಗಸು. ಗಾಳದ ಮೀನಿನ ಹೆಣ್ಣಿನ ಹಣೆಯ ಮೇಲಿರುವ ಕೋಲು ಬೆನ್ನಿನ ರೆಕ್ಕೆಯ ಒಂದು ಮುಳ್ಳು, ಅಷ್ಟೇ. ಅದರ ತುದಿಯ ಗುಬುಟಿನಲ್ಲಿ ಬೆಳಗುವ ಬ್ಯಾಕ್ಟೀರಿಯಗಳು ಮನೆಮಾಡಿಕೊಂಡಿವೆ. ಮಿಂಚುಹುಳುವಿನ ಬೆಳಕು ಅದರ ಸ್ವಂತದ್ದು, ಇದರ ಬೆಳಕು ಬಾಡಿಗೆದಾರರದು. 1922ರಲ್ಲಿ ಐಸ್‌ಲ್ಯಾಂಡಿನ ಜೀವವಿಜ್ಞಾನಿ ಬ್ಯಾರ್ನಿ ಸೈಮುಂಡ್ಸನ್ ದೊಡ್ಡದೊಂದು ಗಾಳದ ಮೀನಿನ ಹೊಟ್ಟೆಗೆ ಎರಡು ಪುಟ್ಟ ಮೀನುಗಳು ಮೂತಿಯಿಂದ ಅಂಟಿಕೊಂಡಿರುವುದನ್ನು ಕಂಡರು. ತಾಯಿ ಮತ್ತು ಮರಿಗಳು ಎಂದು ಭಾವಿಸಿದರು. ಯಾರಾದರೂ ಹಾಗೇ ಭಾವಿಸುತ್ತಿದ್ದರು. ಮೂರು ವರ್ಷದ ಬಳಿಕ ಇಂಗ್ಲೆಂಡಿನ ಚಾರ್ಲ್ಸ್ ಟೇಟ್ ರೀಗನ್ ಅಂಥದೇ ಒಂದು ಪುಟ್ಟ ಮೀನನ್ನು ಕೊಯ್ದು ಪರೀಕ್ಷಿಸಿದರು. ಅದು ಮರಿಯಲ್ಲ, ಗಂಡ! ಮೈ ಮೈ ಬೆಸೆದುಕೊಂಡು, ಹೆಣ್ಣಿನ ರಕ್ತದಿಂದಲೇ ಪೋಷಣೆ ಪಡೆಯುತ್ತಿದ್ದ ಗಂಡು.

ಕೇಳಿದವರಿಗೆ ನಗು ಬರುತ್ತದೆ, ಅಸಹ್ಯವೂ ಆಗಬಹುದು. ಆದರೆ ಲೆಕ್ಕ ಹಾಕಿ ನೋಡಿ. ದಿಕ್ಕುದಿಕ್ಕಿಗೂ ಕತ್ತಲೆ, ಸ್ವಜಾತಿಯವರು ಎಲ್ಲೋ ಒಬ್ಬರು. ಜೀವಮಾನದಲ್ಲಿ ಒಮ್ಮೆ ಸಿಕ್ಕ ಜೊತೆಯನ್ನು ಮತ್ತೆ ಕಳೆದುಕೊಂಡರೆ ಸಂತತಿಯೇ ಇಲ್ಲ. ಸಿಕ್ಕಿದ ಕೂಡಲೇ ಕಚ್ಚಿ ಹಿಡಿದುಕೊಳ್ಳುವುದೇ ಕ್ಷೇಮ. ಇಲ್ಲಿ ವೈದ್ಯವಿಜ್ಞಾನದವರನ್ನು ಕಾಡುವ ಒಂದು ಪ್ರಶ್ನೆಯೂ ಇದೆ. ಒಬ್ಬರ ಮೂತ್ರಪಿಂಡವನ್ನು ಇನ್ನೊಬ್ಬರಿಗೆ ಕಸಿ ಮಾಡಿದರೆ ದೇಹ ಅದನ್ನು ಅನ್ಯವೆಂದು ತಿರಸ್ಕರಿಸುತ್ತದೆ. ಈ ಹೆಣ್ಣುಮೀನು ಇಡೀ ಗಂಡನ್ನೇ ಹೇಗೆ ತಾಳಿಕೊಂಡಿತು? ಜರ್ಮನಿಯ ಫ್ರೈಬುರ್ಗ್‌ನ ಸಂಶೋಧಕರು 2020ರಲ್ಲಿ ಕೊಟ್ಟ ಉತ್ತರ: ಹೀಗೆ ಬೆಸೆದುಕೊಳ್ಳುವ ಜಾತಿಗಳಲ್ಲಿ ರೋಗನಿರೋಧಕ ವ್ಯವಸ್ಥೆಯ ಕೆಲವು ಮುಖ್ಯ ಜೀನುಗಳೇ ಕಾಣೆಯಾಗಿವೆ. ನಮ್ಮಲ್ಲಿ ಅವು ಕಾಣೆಯಾದರೆ ನೆಗಡಿಯೂ ಪ್ರಾಣಾಪಾಯ. ಆ ಮೀನುಗಳು ಸೋಂಕನ್ನು ಇನ್ಯಾವ ದಾರಿಯಿಂದ ತಡೆಯುತ್ತವೆ ಎಂಬುದನ್ನು ಅರಿತರೆ ಆಸ್ಪತ್ರೆಗಳಿಗೂ ಉಪಯೋಗವಾದೀತು.

ಈ ಜೋಡಿಯನ್ನು ಜೀವಂತವಾಗಿ ಮೊದಲ ಬಾರಿ ಚಿತ್ರೀಕರಿಸಿದ್ದು 2016ರಲ್ಲಿ. ಅಟ್ಲಾಂಟಿಕ್ ಸಾಗರದ ಅಜೋರಿಸ್ ದ್ವೀಪಗಳ ಬಳಿ, 800 ಮೀಟರ್ ಆಳದಲ್ಲಿ, ಯಾಕಬ್ಸೆನ್ ದಂಪತಿಗಳು ತಮ್ಮ ಚಿಕ್ಕ ಜಲಾಂತರ್ಗಾಮಿಯಿಂದ ತೆಗೆದ ಚಿತ್ರ. ಬಲೆಗೆ ಸಿಕ್ಕಾಗ ಮುರಿದುಹೋಗುವ ಉದ್ದನೆಯ ಎಳೆಗಳು ಅದರಲ್ಲಿ ಇಡಿಯಾಗಿ ಕಾಣುತ್ತವೆ. ಮೀನಿನ ಸುತ್ತ ಮಿನುಗುವ ಪ್ರಭಾವಳಿಯಂತೆ ಹರಡಿಕೊಂಡಿವೆ. ಬಾಟಲಿಯಲ್ಲಿ ಸುಕ್ಕುಗಟ್ಟಿದ ಕರಿ ಉಂಡೆಯನ್ನಷ್ಟೇ ನೋಡಿದ್ದವರಿಗೆ ಇದು ಅದೇ ಮೀನು ಎಂದು ನಂಬುವುದು ಕಷ್ಟ.

ಈಗ ಇನ್ನೊಂದು ಪ್ರಶ್ನೆ ಕೇಳಿಕೊಳ್ಳೋಣ. ವಿಚಿತ್ರ ಎಂದರೆ ಅಪರೂಪ ಎಂದು ತಾನೇ ಅರ್ಥ? ಭೂಮಿಯ ಮೇಲ್ಮೈಯ ಅರ್ಧಕ್ಕೂ ಹೆಚ್ಚು ಭಾಗ 200 ಮೀಟರಿಗಿಂತ ಆಳವಾದ ನೀರಿನಡಿಯಲ್ಲಿದೆ. ಬೆನ್ನೆಲುಬುಳ್ಳ ಪ್ರಾಣಿಗಳಲ್ಲಿ ಅತ್ಯಂತ ಹೆಚ್ಚು ಸಂಖ್ಯೆಯಲ್ಲಿರುವುದು ಕೋಳಿಯಲ್ಲ, ಇಲಿಯಲ್ಲ, ಮನುಷ್ಯ ಮೊದಲೇ ಅಲ್ಲ. ಬೆರಳುದ್ದದ, ಬಿರುಸು ಹಲ್ಲಿನ, ಹೊಟ್ಟೆಯಡಿ ದೀಪಗಳಿರುವ ಸೈಕ್ಲೊಥೋನ್ ಎಂಬ ಆಳಕಡಲಿನ ಮೀನು ಎಂಬುದು ವಿಜ್ಞಾನಿಗಳ ಅಂದಾಜು. ಓಟು ಹಾಕಿ ರೂಪ ತೀರ್ಮಾನಿಸುವುದಾದರೆ ಬಹುಮತ ಅವರದು. ಬಿಸಿಲಿನಲ್ಲಿ, ಒಣ ನೆಲದ ಮೇಲೆ, ಎರಡೇ ಕಾಲಿನಲ್ಲಿ ನಿಂತುಕೊಳ್ಳುವ ನಾವೇ ಅಪರೂಪದವರು.

ಆಳ ಹೆಚ್ಚಿದಷ್ಟೂ ರೂಪ ಭಯಂಕರವಾಗುತ್ತದೆ ಎಂಬುದೂ ನಿಜವಲ್ಲ. ಜಪಾನಿನ ದಕ್ಷಿಣಕ್ಕಿರುವ ಇಜು-ಒಗಾಸವಾರಾ ಕಂದಕದಲ್ಲಿ 2022ರಲ್ಲಿ 8,336 ಮೀಟರ್ ಆಳದಲ್ಲಿ ಒಂದು ಮೀನು ಕ್ಯಾಮೆರಾಕ್ಕೆ ಕಾಣಿಸಿಕೊಂಡಿತು. ಎವರೆಸ್ಟನ್ನು ತಲೆಕೆಳಗು ಮಾಡಿ ಮುಳುಗಿಸಿದರೆ ಅದರ ತುದಿ ಹತ್ತಿರ ಹತ್ತಿರ ಆ ಆಳಕ್ಕೆ ಮುಟ್ಟೀತು. ಅಲ್ಲಿದ್ದದ್ದು ಕೋರೆಹಲ್ಲಿನ ರಾಕ್ಷಸನಲ್ಲ. ಬಸವನಮೀನು ಎಂದು ಕರೆಯಬಹುದಾದ ಮೆತ್ತನೆಯ, ಬಿಳಿಚಿದ, ಸಾಧುವಾದ ಪುಟ್ಟ ಮೀನು.

ಇವೆಲ್ಲ ಬರಿಯ ಅಂದಚೆಂದದ ಚರ್ಚೆಯಾಗಿದ್ದರೆ ನಾನು ನಿಮ್ಮ ಇಷ್ಟು ಸಮಯ ತೆಗೆದುಕೊಳ್ಳುತ್ತಿರಲಿಲ್ಲ. ನಾವು ಇಡುವ ಹೆಸರು, ನಾವು ಕೊಡುವ ತೀರ್ಪು ಆ ಜೀವಿಗಳ ಪ್ರಾಣಕ್ಕೆ ಬಂದದ್ದುಂಟು. ಲೋಳೆತಲೆ ಎಂಬ ಅರ್ಥದ ಹೆಸರಿನ ಮೀನುಕುಟುಂಬವೊಂದಿದೆ. ಅದರಲ್ಲಿನ ಒಂದು ಜಾತಿಗೆ ಮಾರುಕಟ್ಟೆಯವರು 'ಆರೆಂಜ್ ರಫಿ' ಎಂಬ ರುಚಿಕರವಾದ ಹೆಸರು ಕೊಟ್ಟರು. 1970ರ ದಶಕದ ಕೊನೆಯಿಂದ ನ್ಯೂಜಿಲೆಂಡ್, ಆಸ್ಟ್ರೇಲಿಯಗಳ ಸುತ್ತ ಅದನ್ನು ಭಾರಿ ಟ್ರಾಲ್ ಬಲೆಗಳಲ್ಲಿ ಬಾಚಿದರು. ಅದು ನೂರು ವರ್ಷಕ್ಕೂ ಮಿಕ್ಕಿ ಬಾಳುವ ಮೀನು. ಮೊಟ್ಟೆಯಿಡುವ ವಯಸ್ಸಿಗೆ ಬರಲು ಇಪ್ಪತ್ತು, ಮೂವತ್ತು ವರ್ಷ ಬೇಕು ಎಂಬುದು ಖಚಿತವಾಗುವ ಹೊತ್ತಿಗೆ ತಟ್ಟೆಗಳ ಮೇಲಿದ್ದವು ಅಜ್ಜ ಅಜ್ಜಿಯರ ಕಾಲದಲ್ಲಿ ಹುಟ್ಟಿದ ಮೀನುಗಳು. 2006ರಲ್ಲಿ ಆಸ್ಟ್ರೇಲಿಯ ಅದನ್ನು ರಕ್ಷಣೆ ಬೇಕಾದ ಜೀವಿಗಳ ಪಟ್ಟಿಗೆ ಸೇರಿಸಬೇಕಾಯಿತು. ಅವೇ ಆಳಗಳನ್ನು ಗುಡಿಸುವ ಬಲೆಗಳಿಗೆ ಸಿಕ್ಕು, ಯಾರಿಗೂ ಬೇಡವಾಗಿ ಸಾಯುವವರಲ್ಲಿ ನಮ್ಮ ಬ್ಲಾಬ್‌ಫಿಶ್ ಕೂಡ ಒಂದು. ಆದರೂ ಕಾಲ ಬದಲಾಗುತ್ತದೆ. 2025ರಲ್ಲಿ ನ್ಯೂಜಿಲೆಂಡಿನ ಜನ ಓಟು ಹಾಕಿ 'ವರ್ಷದ ಮೀನು' ಎಂದು ಆರಿಸಿದ್ದು ಇದೇ ಬ್ಲಾಬ್‌ಫಿಶ್ಶನ್ನು. ಎರಡನೆಯ ಸ್ಥಾನ ಬಂದದ್ದು ಆರೆಂಜ್ ರಫಿಗೆ.

ನಮ್ಮ ದೇಶವೂ ಈ ವಿಷಯದಿಂದ ದೂರವಿಲ್ಲ. 'ಇನ್ವೆಸ್ಟಿಗೇಟರ್' ಎಂಬ ಸಮೀಕ್ಷಾ ಹಡಗಿನಲ್ಲಿದ್ದ ಆಲ್ಫ್ರೆಡ್ ಆಲ್ಕಾಕ್ ಎಂಬ ವೈದ್ಯ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ ಬಂಗಾಳ ಕೊಲ್ಲಿ, ಅರಬ್ಬಿ ಸಮುದ್ರಗಳ ಆಳದ ಜೀವಿಗಳನ್ನು ಸಂಗ್ರಹಿಸಿ ಹೆಸರಿಟ್ಟಿದ್ದರು. 2002ರಲ್ಲಿ ಭಾರತಕ್ಕೆ ಅಂತರರಾಷ್ಟ್ರೀಯ ಒಪ್ಪಂದದ ಮೂಲಕ ಹಿಂದೂ ಮಹಾಸಾಗರದ ಮಧ್ಯಭಾಗದಲ್ಲಿ 75,000 ಚದರ ಕಿಲೋಮೀಟರ್ ಸಾಗರತಳವನ್ನು ಪರಿಶೋಧಿಸುವ ಹಕ್ಕು ಸಿಕ್ಕಿತು. ಅಲ್ಲಿ ಆಲೂಗಡ್ಡೆಯಂತೆ ಚದುರಿರುವ ಗಂಟುಗಳಲ್ಲಿ ಮ್ಯಾಂಗನೀಸ್, ನಿಕಲ್, ತಾಮ್ರ, ಕೋಬಾಲ್ಟ್ ಇವೆ. ಲೋಹ ಬೇಕು, ನಿಜ. ಆದರೆ ಆ ಗಂಟು ಕೆಲವು ಮಿಲಿಮೀಟರ್ ಬೆಳೆಯಲು ಹತ್ತು ಲಕ್ಷ ವರ್ಷ ಬೇಕು, ಅದರ ಮೇಲೆ ಅಂಟಿಕೊಂಡು ಬದುಕುವ ಜೀವಿಗಳಿಗೆ ಅದೇ ನೆಲ. ಮನುಷ್ಯ ಈವರೆಗೆ ಕಣ್ಣಿನಿಂದಲೋ ಕ್ಯಾಮೆರಾದಿಂದಲೋ ನೋಡಿರುವುದು ಆಳದ ಸಾಗರತಳದ ಒಂದು ಲಕ್ಷ ಪಾಲಿನಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಎಂದು 2025ರಲ್ಲಿ ಪ್ರಕಟವಾದ ಒಂದು ಲೆಕ್ಕ ಹೇಳುತ್ತದೆ.

ಚೆನ್ನೈಯ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ 'ಮತ್ಸ್ಯ 6000' ಎಂಬ ಜಲಾಂತರ್ಗಾಮಿಯನ್ನು ರೂಪಿಸಿದೆ. ಟೈಟಾನಿಯಂ ಗೋಳದೊಳಗೆ ಮೂವರು ಕುಳಿತು 6,000 ಮೀಟರ್ ಇಳಿಯಬೇಕೆಂಬುದು ಉದ್ದೇಶ. ಆ ಸಾಹಸದ ಅಭ್ಯಾಸಕ್ಕೆಂದು 2025ರ ಆಗಸ್ಟ್‌ನಲ್ಲಿ ಇಬ್ಬರು ಭಾರತೀಯರು ಅಟ್ಲಾಂಟಿಕ್ ಸಾಗರದಲ್ಲಿ ಫ್ರಾನ್ಸಿನ ಜಲಾಂತರ್ಗಾಮಿಯಲ್ಲಿ ಇಳಿದರು. ಒಬ್ಬರು 4,000 ಮೀಟರ್ ದಾಟಿದರು, ಮತ್ತೊಬ್ಬರು 5,000 ಮೀಟರ್. ನಿಮ್ಮಲ್ಲಿ ಯಾರಾದರೂ ಮುಂದೊಂದು ದಿನ ಅಂಥ ಗೋಳದ ಕಿಟಕಿಯ ಬಳಿ ಕುಳಿತರೆ, ಹೊರಗಿನ ದೀಪಗಳನ್ನು ಸ್ವಲ್ಪ ಹೊತ್ತು ಆರಿಸಲು ಚಾಲಕರನ್ನು ಕೇಳಿಕೊಳ್ಳಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು. ಆಮೇಲೆ ಕಾಣುವ ಬೆಳಕೆಲ್ಲ ಅಲ್ಲಿನವರದೇ.